ಎರಡು ಕನ್ನಡಕ, ಒಂದು ಕೊಡೆ: ಯಕ್ಷಗಾನದ ಚಿತ್ರವೊಂದರ ರಿಪೇರಿ

ಚಿತ್ರದ ವಿವರ ಮೊದಲು ಹೇಳುತ್ತೇನೆ. ಮೂರಡಿ ಎತ್ತರ, ನಾಲ್ಕಡಿ ಅಗಲದ ಕ್ಯಾನ್ವಾಸ್. ಎಣ್ಣೆ ಬಣ್ಣ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಚಕ್ಕಳಮಕ್ಕಳ ಹಾಕಿ ಕೂತ ವೇಷಧಾರಿಯೊಬ್ಬ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದಾನೆ. ಎಡಗೈಯಲ್ಲಿ ಚಿಕ್ಕ ಕನ್ನಡಿ. ಮುಖಕ್ಕೆ ಮೊದಲು ಹಚ್ಚುವ ಹಳದಿ ಬಣ್ಣ, ಅರದಾಳ, ಬಳಿದು ಆಗಿದೆ, ಹಣೆಯ ನಾಮ ಅರ್ಧಕ್ಕೆ ಬಂದಿದೆ. ಕನ್ನಡಿಯೊಳಗೆ ಅದೇ ಮುಖ, ಎರಡು ಇಂಚು ಅಗಲಕ್ಕೆ. ಬಲಗಡೆ ಕೆಳಗೆ ಕತ್ತಲಲ್ಲಿ ವೇಷದ ಪೆಟ್ಟಿಗೆ. ಬರೆದವರು ಉಡುಪಿ ಕಡೆಯ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ಟ್ರು. ಅವರ ಹೆಸರು ಬೇಡ, ಗ್ಯಾಲರಿಯ ಹೆಸರೂ ಬೇಡ ಅಂತ ಮಾತಾಗಿದೆ. ನನ್ನದು ಮಂಗಳೂರಲ್ಲಿ ಫ್ರೇಮ್ ಅಂಗಡಿ, ಹಿಂದಿನ ಕೋಣೆಯಲ್ಲಿ ಹಳೆ ಚಿತ್ರಗಳ ರಿಪೇರಿ.

ಆದದ್ದು ಇಷ್ಟು. ಚಿತ್ರ ಒಂದು ಗ್ಯಾಲರಿಯ ಪ್ರದರ್ಶನದಲ್ಲಿತ್ತು. ಆಟಿ ತಿಂಗಳ ಮಳೆ. ಮಳೆ ತಪ್ಪಿಸಿಕೊಳ್ಳಲು ಒಳಗೆ ನುಗ್ಗಿದ ಹುಡುಗರಲ್ಲಿ ಒಬ್ಬ ಜೇಬಿನಿಂದ ನೀಲಿ ಬಾಲ್‌ಪೆನ್ ತೆಗೆದು ವೇಷಧಾರಿಗೆ ಕನ್ನಡಕ ಬರೆದ. ಕನ್ನಡಿಯೊಳಗಿನ ಮುಖಕ್ಕೂ ಮರೆಯದೆ ಒಂದು ಬರೆದ. ಚಿತ್ರವನ್ನು ಅಷ್ಟರಮಟ್ಟಿಗೆ ಸರಿಯಾಗಿಯೇ ನೋಡಿದ್ದ ಅನ್ನಬೇಕು. ಗೆಳೆಯ ಅವನ ತೋಳು ಹಿಡಿದು ಎಳೆದ. ಎಳೆದಾಟದಲ್ಲಿ ಕಂಕುಳಲ್ಲಿದ್ದ ಕೊಡೆಯ ತುದಿ ಪೆಟ್ಟಿಗೆಯ ಜಾಗದಲ್ಲಿ ಕ್ಯಾನ್ವಾಸಿಗೆ ಹೊಕ್ಕಿತು. ಸಿಸಿಟಿವಿಯಲ್ಲಿ ಎಲ್ಲ ಸೇರಿ ಒಂದು ನಿಮಿಷವೂ ಇಲ್ಲ.

ನನಗೆ ನೋಡಲು ಜಾಸ್ತಿ ಕಷ್ಟವಾದದ್ದು ಆಮೇಲಿನ ಅರ್ಧ ಗಂಟೆ. ಗ್ಯಾಲರಿಯಲ್ಲಿದ್ದವರೊಬ್ಬರು ಓಡಿ ಬಂದು, ಬಾಗಿಲ ಬಳಿಯ ಸ್ಯಾನಿಟೈಸರ್ ಬಾಟಲಿ ತಂದು, ಕರವಸ್ತ್ರಕ್ಕೆ ಸುರಿದು ಮುಖವನ್ನು ಉಜ್ಜಿದರು. ಮಸಿ ಹರಡಿತು. ಇನ್ನೂ ಜೋರಾಗಿ ಉಜ್ಜಿದರು. ಇನ್ನೊಬ್ಬರು ಚಿತ್ರವನ್ನು ಗೋಡೆಯಿಂದ ಇಳಿಸಿ, ಮಗುಚಿ ಹಾಕಿ, ಹರಿದ ಜಾಗಕ್ಕೆ ಹಿಂದಿನಿಂದ ಮರಗೆಲಸದ ಬಿಳಿ ಗಮ್ ಹಚ್ಚಿ ಬಟ್ಟೆ ತುಂಡು ಅಂಟಿಸಿದರು. ಮಗುಚುವಾಗ ಕೆಳಗೆ ಹಾಸಿದ್ದು ದಿನಪತ್ರಿಕೆ. ಎಲ್ಲರೂ ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು. ಅದೇ ಸಮಸ್ಯೆ.

ಫೋನ್ ಬಂದಾಗ ನಾನು ಹೇಳಿದ್ದು ಮೂರೇ ಮಾತು: ಯಾರೂ ಮುಟ್ಟಬೇಡಿ, ಬಣ್ಣದ ಮುಖ ಮೇಲೆ ಮಾಡಿ ಮಲಗಿಸಿಡಿ, ಆ ಕರವಸ್ತ್ರವನ್ನು ತೊಳೆಯಬೇಡಿ. ಕೊನೆಯದು ಯಾಕೆ ಅಂತ ಅವರಿಗೆ ಅರ್ಥವಾಗಲಿಲ್ಲ. ಆದರೂ ಪ್ಲಾಸ್ಟಿಕ್ ಲಕೋಟೆಗೆ ಹಾಕಿ ಇಟ್ಟಿದ್ದರು, ಪುಣ್ಯ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಬಟ್ಟೆಯಲ್ಲಿ ನೀಲಿಯ ಜತೆಗೆ ಹಳದಿಯೂ ಇತ್ತು. ಅಂದರೆ ಮಸಿ ಮಾತ್ರ ಅಲ್ಲ, ಮಾಸ್ಟ್ರ ಬಣ್ಣವೂ ಎದ್ದು ಬಂದಿದೆ.

ಹಾನಿಯ ಪಟ್ಟಿ

ಕೈ ಹಾಕುವ ಮೊದಲು ಫೋಟೋ. ಎದುರು ಬೆಳಕಿನಲ್ಲಿ ಒಂದು ಸಾಲು, ಒಂದು ಬದಿಯಿಂದ ಟಾರ್ಚ್ ಓರೆಯಾಗಿ ಹಿಡಿದು ಇನ್ನೊಂದು ಸಾಲು, ಯುವಿ ಟಾರ್ಚಿನಲ್ಲಿ ಮತ್ತೊಂದು. ಓರೆ ಬೆಳಕಿನಲ್ಲಿ ಮೇಲ್ಮೈಯ ಏರುತಗ್ಗು ಎಲ್ಲ ಎದ್ದು ಕಾಣುತ್ತದೆ. ವೇಷಧಾರಿಯ ಕೆನ್ನೆಯಲ್ಲಿ ಮಾಸ್ಟ್ರು ಬ್ರಶ್ಶನ್ನು ದಪ್ಪಕ್ಕೆ ಎಳೆದಿದ್ದರು. ಆ ಏಣುಗಳ ತುದಿ ಬಲಗೆನ್ನೆಯಲ್ಲಿ ನುಣುಪಾಗಿ ಹೋಗಿತ್ತು. ಏಣುಗಳ ನಡುವಿನ ಸಂದಿನಲ್ಲಿ ಮಸಿ ಹೋಗಿ ಕೂತಿತ್ತು. ಕನ್ನಡಕದ ಗೆರೆ ಗೆರೆಯಾಗಿ ಉಳಿದಿರಲಿಲ್ಲ, ಕಣ್ಣಿನಿಂದ ದವಡೆಯವರೆಗೆ ಒಂದು ನೀಲಿ ಮಬ್ಬು.

ಕನ್ನಡಿಯೊಳಗಿನ ಕನ್ನಡಕ ಮಾತ್ರ ಹಾಗೇ ಇತ್ತು. ಚಿಕ್ಕದು, ಗಡಿಬಿಡಿಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಾಗಾಗಿ ಒಂದೇ ಪೆನ್, ಒಂದೇ ಕೈ, ಒಂದೇ ಬಣ್ಣ, ಎರಡು ಕನ್ನಡಕ. ಒಂದು ಉಜ್ಜಿದ್ದು, ಇನ್ನೊಂದು ಉಜ್ಜದ್ದು. ಬೇಕೆಂದು ಪ್ರಯೋಗ ಮಾಡಿದರೂ ಇಷ್ಟು ಸರಿಯಾಗಿ ಸಿಗುವುದಿಲ್ಲ.

ಚಿತ್ರಕ್ಕೆ ವಾರ್ನಿಶ್ ಇರಲಿಲ್ಲ. ಎಣ್ಣೆ ಬಣ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ವರ್ಷಗಳು ಬೇಕು. ಹಾಗಾಗಿ ವಾರ್ನಿಶ್ ಹಾಕಲು ಕಾಯುವುದು ಸರಿಯಾದ ಪದ್ಧತಿಯೇ. ಆದರೆ ವಾರ್ನಿಶ್ ಇದ್ದಿದ್ದರೆ ಮಸಿ ಅದರ ಮೇಲೆ ಕೂರುತ್ತಿತ್ತು, ವಾರ್ನಿಶ್ ಸಮೇತ ತೆಗೆದುಬಿಡಬಹುದಿತ್ತು. ರಷ್ಯದ ಯೆಕಟೆರಿನ್‌ಬರ್ಗ್‌ನಲ್ಲಿ 2021ರ ಡಿಸೆಂಬರಿನಲ್ಲಿ ಆದದ್ದೂ ಹೀಗೇ. ಅನ್ನಾ ಲೆಪೋರ್ಸ್ಕಾಯಾ ಬರೆದ ಮೂರು ಆಕೃತಿಗಳ ಚಿತ್ರ, ಮುಖಗಳಿಗೆ ಕಣ್ಣಿಲ್ಲ. ಕಾವಲಿಗಿದ್ದ ಸೆಕ್ಯುರಿಟಿಯವನೇ ಬಾಲ್‌ಪೆನ್ನಿನಲ್ಲಿ ಎರಡು ಮುಖಕ್ಕೆ ಕಣ್ಣು ಬರೆದ. ಅಲ್ಲೂ ಮುಖದ ಬಿಳಿ ಬಣ್ಣದ ಮೇಲೆ ವಾರ್ನಿಶ್ ಇರಲಿಲ್ಲ, ಮಸಿ ಸ್ವಲ್ಪ ಒಳಗಿಳಿದಿತ್ತು. ಆದರೆ ಅವನು ಪೆನ್ ಒತ್ತಿ ಬರೆದಿರಲಿಲ್ಲ. ಯಾರೂ ಸ್ಯಾನಿಟೈಸರ್ ಹಿಡಿದು ಹೋಗಲೂ ಇಲ್ಲ.

ಸ್ಯಾನಿಟೈಸರ್ ಯಾಕೆ ಕೆಟ್ಟದ್ದು? ಬಾಲ್‌ಪೆನ್ನಿನ ಮಸಿ ನೀರಿನದಲ್ಲ. ಬಣ್ಣದ ಡೈಗಳನ್ನು ಬೆಂಜೈಲ್ ಆಲ್ಕೋಹಾಲ್, ಫಿನಾಕ್ಸಿ ಎಥೆನಾಲ್‌ನಂಥ ದಪ್ಪ ದ್ರವದಲ್ಲಿ ಕರಗಿಸಿ ಮಾಡಿದ್ದು. ನೀಲಿ ಮಸಿಯಲ್ಲಿ ಕ್ರಿಸ್ಟಲ್ ವಯಲೆಟ್ ಎಂಬ ಡೈ ಸಾಮಾನ್ಯ. ಹಿಂದೆ ಬಾಯಿಹುಣ್ಣಿಗೆ ಹಚ್ಚುತ್ತಿದ್ದ ಜೆನ್ಶಿಯನ್ ವಯಲೆಟ್ ನೆನಪುಂಟಲ್ಲ, ಅದೇ ಇದು. ಹಚ್ಚಿದರೆ ಎಷ್ಟು ದಿನ ತುಟಿಯಲ್ಲಿ ಇರುತ್ತಿತ್ತು ಅಂತ ಗೊತ್ತಿರುವವರಿಗೆ ಗೊತ್ತು. ಈ ಡೈ ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಸ್ಯಾನಿಟೈಸರ್ ಅಂದರೆ ಮುಕ್ಕಾಲು ಪಾಲು ಆಲ್ಕೋಹಾಲ್. ಮಸಿ ಕರಗಿತು. ಜತೆಗೆ ಅದೇ ಆಲ್ಕೋಹಾಲ್ ಎಳೆಯ ಎಣ್ಣೆ ಬಣ್ಣವನ್ನು ಉಬ್ಬಿಸಿ ಮೆತ್ತಗೆ ಮಾಡಿತು. ಕರಗಿದ ಮಸಿ, ಮೆತ್ತಗಾದ ಬಣ್ಣ, ಮೇಲಿಂದ ಉಜ್ಜುವ ಕೈ. ಇನ್ನೇನು ಬೇಕು?

ಮೊದಲ ಕೆಲವು ನಿಮಿಷ ಎಷ್ಟು ಮುಖ್ಯ ಅನ್ನಲು ದೊಡ್ಡ ಉದಾಹರಣೆಗಳೂ ಉಂಟು. 1985ರ ಜೂನ್ 15ರಂದು ಲೆನಿನ್‌ಗ್ರಾಡಿನ ಹರ್ಮಿಟೇಜ್ ಮ್ಯೂಸಿಯಮ್ಮಿನಲ್ಲಿ ಒಬ್ಬ ರೆಂಬ್ರಾಂಟ್‌ನ ‘ಡನಾಯೆ’ ಚಿತ್ರಕ್ಕೆ ಎರಡು ಸಲ ಚಾಕು ಹಾಕಿ, ಮೇಲಿಂದ ಗಂಧಕಾಮ್ಲ ಎರಚಿದ. ಅಲ್ಲಿನವರು ಮಾಡಿದ್ದು ನೀರು ಸುರಿಯುವುದು. ಆದರೂ ಚಿತ್ರ ಮತ್ತೆ ಜನರ ಮುಂದೆ ಬರಲು 12 ವರ್ಷ ಹಿಡಿಯಿತು, 1997ಕ್ಕೆ. 1990ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅದೇ ರೆಂಬ್ರಾಂಟ್‌ನ ‘ನೈಟ್ ವಾಚ್’ ಮೇಲೆ ಆಸಿಡ್ ಬಿತ್ತು. ಕಾವಲಿನವರು ತಕ್ಷಣ ನೀರು ಹೊಡೆದರು, ಆಸಿಡ್ ವಾರ್ನಿಶ್ ದಾಟಿ ಕೆಳಗೆ ಹೋಗಲಿಲ್ಲ. ಹಾಗಂತ ಎಲ್ಲದಕ್ಕೂ ನೀರು ಅಂತ ತಿಳಿಯಬೇಡಿ. ಆಸಿಡ್ ನಿಂತಲ್ಲೇ ತಿನ್ನುತ್ತಾ ಹೋಗುತ್ತದೆ, ಅದನ್ನು ಕಾಯಲು ಆಗುವುದಿಲ್ಲ. ಪೆನ್ನಿನ ಮಸಿ ಎಲ್ಲಿಗೂ ಓಡುವುದಿಲ್ಲ. ಅದನ್ನು ಸುಮ್ನೆ ಬಿಡುವುದೇ ಮೊದಲ ಚಿಕಿತ್ಸೆ.

ಮಸಿ ತೆಗೆದದ್ದು

ಹರಿದ ಜಾಗದಲ್ಲಿ ಬಣ್ಣದ ಚಕ್ಕೆಗಳು ಏಳುತ್ತಿದ್ದವು. ಮೊದಲು ಅದಕ್ಕೆ ಮೇಲಿಂದ ತೆಳು ಜಪಾನಿ ಕಾಗದ ಅಂಟಿಸಿ ಹಿಡಿದಿಟ್ಟೆ. ಆಮೇಲೆ ಮಾಸ್ಟ್ರ ಮನೆಗೆ ಹೋಗಿ ಅವರು ಬಳಸಿದ ಅದೇ ಟ್ಯೂಬಿನ ಬಣ್ಣ, ಅದೇ ಸಮಯದಲ್ಲಿ ಪ್ರ್ಯಾಕ್ಟೀಸಿಗೆ ಬರೆದು ಬಿಸಾಡಿದ್ದ ಒಂದು ಕ್ಯಾನ್ವಾಸ್ ತುಂಡು ತಂದೆ. ಹುಡುಗನ ಮನೆಯಿಂದ ಅದೇ ಪೆನ್ ಬಂತು. ತುಂಡಿನ ಮೇಲೆ ಗೆರೆಗಳನ್ನು ಎಳೆದು, ಅರ್ಧಕ್ಕೆ ಸ್ಯಾನಿಟೈಸರ್ ಹಾಕಿ ಉಜ್ಜಿ, ಅರ್ಧ ಹಾಗೇ ಬಿಟ್ಟೆ. ಚಿತ್ರದ ಮೇಲೆ ಏನು ಮಾಡುವುದಿದ್ದರೂ ಮೊದಲು ಇದರ ಮೇಲೆ.

ಇದು ನನ್ನ ತಲೆಯಿಂದ ಬಂದ ಉಪಾಯ ಅಲ್ಲ. 2012ರ ಅಕ್ಟೋಬರ್ 7ರಂದು ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಅಮೆರಿಕದ ಕಲಾವಿದ ಮಾರ್ಕ್ ರಾತ್ಕೋನ ‘ಬ್ಲ್ಯಾಕ್ ಆನ್ ಮರೂನ್’ ಚಿತ್ರದ ಮೂಲೆಯಲ್ಲಿ ಒಬ್ಬ ತನ್ನ ಹೆಸರು, ನಾಲ್ಕು ಮಾತು ಬರೆದು ಹೋದ. ಮಸಿ ಕೆಳಗಿನ ಪದರಗಳವರೆಗೂ ಇಳಿದಿತ್ತು. ಅಲ್ಲಿಯವರು ರಾತ್ಕೋ ಕುಟುಂಬದಿಂದ ಅವನ ಕಾಲದ ಕ್ಯಾನ್ವಾಸ್ ತುಂಡು ಪಡೆದು, ಅದರ ಮೇಲೆ ಅದೇ ಮಸಿ ಹಾಕಿ, ಯಾವ ದ್ರಾವಕ ಆದೀತು ಅಂತ ತಿಂಗಳುಗಟ್ಟಲೆ ಹುಡುಕಿದರು. ಕೊನೆಗೆ ಆರಿಸಿದ್ದು ಬೆಂಜೈಲ್ ಆಲ್ಕೋಹಾಲ್ ಮತ್ತು ಎಥೈಲ್ ಲ್ಯಾಕ್ಟೇಟ್ ಮಿಶ್ರಣ. ಒಟ್ಟು 18 ತಿಂಗಳ ಕೆಲಸ. 2014ರ ಮೇ ತಿಂಗಳಲ್ಲಿ ಚಿತ್ರ ಮತ್ತೆ ಗೋಡೆಗೆ ಬಂತು. ಬರೆದವನಿಗೆ ಎರಡು ವರ್ಷ ಜೈಲು ಆಗಿತ್ತು. ಹೆಚ್ಚುಕಮ್ಮಿ ಅಷ್ಟೇ ಕಾಲ ರಿಪೇರಿಯವರೂ ಒಳಗೇ ಇದ್ದರು ಅನ್ನಿ!

ನನ್ನ ಪರೀಕ್ಷೆ ಉಗುಳಿನಿಂದ ಶುರು. ನಗಬೇಡಿ. ಬಿದಿರು ಕಡ್ಡಿಗೆ ಹತ್ತಿ ಸುತ್ತಿ ನಾಲಿಗೆಗೆ ಮುಟ್ಟಿಸಿ ಚಿತ್ರ ಒರೆಸುವುದು ಈ ಕಸುಬಿನ ಬಹಳ ಹಳೆ ವಿದ್ಯೆ. ಉಗುಳಿನ ಅಮೈಲೇಸ್ ಎಂಬ ಕಿಣ್ವ ಕೊಳೆ ಬಿಡಿಸುತ್ತದೆ. ಇದನ್ನು ಲೆಕ್ಕ ಹಾಕಿ ತೋರಿಸಿದ ಪೋರ್ಚುಗಲ್‌ನವರಿಗೆ 2018ರಲ್ಲಿ ತಮಾಷೆಯ ಇಗ್ ನೊಬೆಲ್ ಬಹುಮಾನ ಕೊಟ್ಟರು. ಉಗುಳಿಗೆ ಇಲ್ಲಿ ಧೂಳು ಹೋಯಿತು, ಮಸಿ ಅಲುಗಾಡಲಿಲ್ಲ. ಪೇಂಟ್ ತೆಳು ಮಾಡಲು ಬಳಸುವ ವೈಟ್ ಸ್ಪಿರಿಟ್‌ಗೂ ಅಲುಗಾಡಲಿಲ್ಲ. ಅದು ಒಳ್ಳೆ ಸುದ್ದಿ. ವೈಟ್ ಸ್ಪಿರಿಟ್ ಬಣ್ಣಕ್ಕೂ ಏನೂ ಮಾಡುತ್ತಿರಲಿಲ್ಲ, ಹಾಗಾಗಿ ಆಮೇಲೆ ತೊಳೆಯಲು ಅದನ್ನು ಧೈರ್ಯವಾಗಿ ಬಳಸಬಹುದು.

ಮಸಿ ಎದ್ದದ್ದು ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ. ಹೌದು, ಸ್ಯಾನಿಟೈಸರ್‌ನ ಜಾತಿಯದ್ದೇ. ಆದರೆ ಅದನ್ನು ದ್ರವವಾಗಿ ಹಾಕಲಿಲ್ಲ. ಸ್ವಲ್ಪ ವೈಟ್ ಸ್ಪಿರಿಟ್ ಸೇರಿಸಿ ಶಕ್ತಿ ಕಮ್ಮಿ ಮಾಡಿ, ಕ್ಲೂಸೆಲ್ ಎಂಬ ಪುಡಿ ಹಾಕಿ ಗಟ್ಟಿ ಜೆಲ್ ಮಾಡಿದೆ. ಜೆಲ್ ಆದರೆ ಇಟ್ಟಲ್ಲಿ ಇರುತ್ತದೆ, ಸಂದಿಗೆ ಇಳಿಯುವುದಿಲ್ಲ. ಸೂಜಿಯ ತುದಿಯಷ್ಟು ಜೆಲ್ ಗೆರೆಯ ಮೇಲೆ ಇಡುವುದು, ಕೆಲವೇ ಸೆಕೆಂಡ್ ಬಿಡುವುದು, ಒಣ ಹತ್ತಿಯ ಕಡ್ಡಿಯನ್ನು ಒಂದೇ ಸಲ ಉರುಳಿಸಿ ಎತ್ತುವುದು. ಉಜ್ಜುವುದಲ್ಲ, ಉರುಳಿಸುವುದು. ಆ ಹತ್ತಿ ಬಿಸಾಡಿ, ಹೊಸದರಲ್ಲಿ ವೈಟ್ ಸ್ಪಿರಿಟ್ ಮುಟ್ಟಿಸಿ ಜಾಗ ಶುಚಿ ಮಾಡುವುದು. ಆಮೇಲೆ ಬಣ್ಣ ಮತ್ತೆ ಗಟ್ಟಿಯಾಗುವವರೆಗೆ ಆ ಜಾಗ ಬಿಟ್ಟು ಇನ್ನೊಂದು ಜಾಗ. ಯುಎಸ್‌ಬಿ ಮೈಕ್ರೋಸ್ಕೋಪ್ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಕಣ್ಣು ಪರದೆಯಲ್ಲಿ, ಕೈ ಚಿತ್ರದ ಮೇಲೆ.

ಕನ್ನಡಿಯ ಕನ್ನಡಕ ಒಂದು ಮಧ್ಯಾಹ್ನದಲ್ಲಿ ಹೋಯಿತು. ಪೂರ್ತಿ ಹೋಯಿತು. ಪೆನ್ನಿನ ತುದಿ ಒತ್ತಿದ ಸಣ್ಣ ಚರೆ ಮಾತ್ರ ಓರೆ ಬೆಳಕಿನಲ್ಲಿ ಕಾಣುತ್ತದೆ.

ದೊಡ್ಡ ಮುಖದ್ದು ವಾರಗಟ್ಟಲೆ ಹಿಡಿಯಿತು. ಏಣುಗಳ ಸಂದಿನ ಮಸಿಯನ್ನು ಒಂದೊಂದಾಗಿ ಎತ್ತಬೇಕು. ಕೆಲವು ಕಡೆ ಜೆಲ್ ಇಟ್ಟು ತೆಗೆದಾಗ ಹತ್ತಿಯಲ್ಲಿ ನೀಲಿಯ ಬದಲು ಹಸಿರು ಬರಲು ಶುರುವಾಯಿತು. ಹಳದಿ ಬಣ್ಣ ಮಸಿಯ ಜತೆ ಬೆರೆತು ಹೋಗಿದೆ ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿದೆ. ದವಡೆಯ ಹತ್ತಿರ ಒಂದು ತೆಳು ನೀಲಿ ನೆರಳು ಉಳಿಯಿತು. ಅದನ್ನೂ ತೆಗೆಯುತ್ತೇನೆ ಅಂತ ಹಟ ಹಿಡಿದರೆ ಕೆನ್ನೆಯೇ ಹೋಗುತ್ತಿತ್ತು. ಮಸಿ ಪೂರ್ತಿ ಹೋಗಬೇಕೆಂಬುದು ನೋಡುವವರ ಆಸೆ, ಬಣ್ಣ ಉಳಿಯಬೇಕೆಂಬುದು ರಿಪೇರಿಯವನ ಆಸೆ. ಎರಡಕ್ಕೂ ಜಗಳ ಬಿದ್ದರೆ ನಾನು ಬಣ್ಣದ ಕಡೆ.

ಕ್ರಿಸ್ಟಲ್ ವಯಲೆಟ್ ಬೆಳಕಿಗೆ ಬಿಳಿಚುವ ಡೈ, ಬಿಸಿಲಿಗಿಟ್ಟರೆ ಹೋಗುವುದಿಲ್ಲವಾ ಅಂತ ಒಬ್ಬರು ಕೇಳಿದರು. ಹೋಗಬಹುದು. ಬಿಸಿಲಿಗಿಟ್ಟರೆ ಮಾಸ್ಟ್ರು ಹಾಕಿದ ಬಣ್ಣಗಳಿಗೆ ಏನಾಗುತ್ತದೆ ಅಂತಲೂ ಯೋಚಿಸಬೇಕಲ್ವಾ?

ಬಿಳಿ ಗಮ್ ಮತ್ತು ಹರಿದ ಬಟ್ಟೆ

ಚಿತ್ರದ ಹಿಂದೆ ಅಂಟಿಸಿದ್ದ ಬಟ್ಟೆಯ ಪಟ್ಟಿ ತೆಗೆಯುವುದು ಬೇಸರದ ಕೆಲಸ. ಬಿಳಿ ಗಮ್ ಮರಕ್ಕೆ ಬಹಳ ಒಳ್ಳೆಯದು. ಕ್ಯಾನ್ವಾಸಿಗೆ ಹಾಕಿದರೆ ಒಣಗುವಾಗ ಕುಗ್ಗಿ ಬಟ್ಟೆಯನ್ನು ಎಳೆಯುತ್ತದೆ. ಕಾಲಕ್ರಮೇಣ ಪಟ್ಟಿಯ ಅಂಚು ಎದುರಿನಿಂದ ಚೌಕವಾಗಿ ಎದ್ದು ಕಾಣಲು ಶುರುವಾಗುತ್ತದೆ. ಹಳೆ ಮನೆಗಳಿಂದ ಬರುವ ಅಜ್ಜಂದಿರ ಪೇಂಟಿಂಗ್‌ಗಳಲ್ಲಿ ಈ ಚೌಕ ನಾನು ಬೇಕಾದಷ್ಟು ನೋಡಿದ್ದೇನೆ. ಬಿಸಿ ಚಮಚದಂಥ ಚಿಕ್ಕ ಸ್ಪ್ಯಾಚುಲಾದಿಂದ ಮೆತ್ತಗೆ ಮಾಡಿ ಪಟ್ಟಿ ಎಬ್ಬಿಸಿದೆ. ಉಳಿದ ಗಮ್ಮಿನ ಮೇಲೆ ಅಗರ್ ಜೆಲ್ಲಿನ ತುಂಡು ಇಟ್ಟೆ. ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್ ಅಂದರೆ ಇದೇ ಅಗರ್. ನೀರನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಗಮ್ ಉಬ್ಬುತ್ತದೆ, ಕ್ಯಾನ್ವಾಸ್ ಒದ್ದೆಯಾಗುವ ಮೊದಲು ಎತ್ತಿಬಿಡಬಹುದು. ಉಬ್ಬಿದ ಗಮ್ಮನ್ನು ಬ್ಲೇಡಿನ ಬೆನ್ನಿನಿಂದ ಕೆರೆದೆ. ದಿನಪತ್ರಿಕೆಯ ಮಸಿ ಎದುರು ಭಾಗಕ್ಕೆ ಅಲ್ಲಲ್ಲಿ ಹತ್ತಿತ್ತು, ಅದು ಸುಲಭದಲ್ಲಿ ಹೋಯಿತು.

ಕೊಡೆ ಮಾಡಿದ ಗಾಯ ಇಂಗ್ಲಿಷಿನ ಎಲ್ ಅಕ್ಷರದ ಆಕಾರದ್ದು, ಪ್ರತಿ ಕೈ ಎರಡು ಇಂಚು. ಚಾಕುವಿನಿಂದ ಕೊಯ್ದದ್ದಾದರೆ ಅಂಚು ನೇರ ಇರುತ್ತದೆ. 1914ರಲ್ಲಿ ಲಂಡನ್ನಿನಲ್ಲಿ ಮೇರಿ ರಿಚರ್ಡ್‌ಸನ್ ಎಂಬ ಮಹಿಳಾ ಮತದಾನ ಹೋರಾಟಗಾರ್ತಿ ವೆಲಾಸ್ಕೆಜ್‌ನ ವೀನಸ್ ಚಿತ್ರವನ್ನು ಮಾಂಸ ಕಡಿಯುವ ಕತ್ತಿಯಿಂದ ಕೊಚ್ಚಿದ್ದು ಅಂಥದ್ದು. ಅಂಥ ಕೊಯ್ತ ಜೋಡಿಸುವುದು ಒಂದು ಲೆಕ್ಕದಲ್ಲಿ ಸಲೀಸು. ಚುಚ್ಚಿ ಹರಿದದ್ದರಲ್ಲಿ ನೂಲುಗಳು ಎಳೆದು ಉದ್ದವಾಗಿರುತ್ತವೆ, ತುದಿ ಬಿಚ್ಚಿಕೊಂಡಿರುತ್ತದೆ, ಯಾವುದು ಯಾವುದಕ್ಕೆ ಸೇರಿದ್ದು ಅಂತ ಹುಡುಕಬೇಕು.

ಹುಡುಕಿದೆ. ಚಿತ್ರವನ್ನು ಮಗುಚಿ, ಕೆಳಗೆ ಸಿಲಿಕಾನ್ ಹಾಳೆ ಹಾಸಿ, ಭೂತಗನ್ನಡಿಯಡಿ ಹಲ್ಲಿನ ಡಾಕ್ಟರರ ಸಲಕರಣೆಗಳಿಂದ ಒಂದೊಂದೇ ನೂಲನ್ನು ನೆಟ್ಟಗೆ ಮಾಡಿ, ಹೆಣಿಗೆಯಲ್ಲಿ ಮೇಲೆ ಕೆಳಗೆ ಮೇಲೆ ಕೆಳಗೆ ಅಂತ ಅದರ ಜಾಗಕ್ಕೆ ಸೇರಿಸುವುದು. ನೂಲಿನ ಎರಡು ತುದಿ ಮುಖಾಮುಖಿ ಬಂದಾಗ ಅಂಟು. ಜರ್ಮನಿಯ ವಿನ್‌ಫ್ರೀಡ್ ಹೈಬರ್ ಬೆಳೆಸಿದ ಈ ವಿಧಾನದಲ್ಲಿ ಪಟ್ಟಿ ಬೇಡ. ಪುಸ್ತಕದಲ್ಲಿ ಹೇಳುವ ಅಂಟು ಗೋಧಿ ಪಿಷ್ಟದ ಗಂಜಿ ಮತ್ತು ಸ್ಟರ್ಜನ್ ಮೀನಿನ ಅಂಟು. ಬಹಳ ಚಂದದ ಅಂಟು, ಯೂರೋಪಿನ ಒಣ ಕೋಣೆಗೆ. ನಮ್ಮ ಕರಾವಳಿಯ ಮಳೆಗಾಲಕ್ಕೆ ಅದು ಬೂಷ್ಟಿಗೆ ಇಟ್ಟ ನೈವೇದ್ಯ. ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿ ವಾರದಲ್ಲಿ ಬೆಳ್ಳಗಾಗುವ ಊರು ಇದು. ಹಾಗಾಗಿ ನಾನು ಬಳಸಿದ್ದು ಪಾಲಿಅಮೈಡ್ ಎಂಬ ನೈಲಾನ್ ಜಾತಿಯ ಪುಡಿ. ಬಿಸಿ ಸೂಜಿಯಿಂದ ಮುಟ್ಟಿದರೆ ಕರಗಿ ನೂಲುಗಳನ್ನು ಹಿಡಿದುಕೊಳ್ಳುತ್ತದೆ, ಬೇಕೆಂದಾಗ ಮತ್ತೆ ಬಿಸಿ ಮಾಡಿ ಬಿಡಿಸಬಹುದು. ಬೂಷ್ಟಿಗೆ ಅದರಲ್ಲಿ ತಿನ್ನಲು ಏನೂ ಇಲ್ಲ. ಎರಡು ಕಡೆ ನೂಲು ಸಾಲದೆ ಹೋಯಿತು, ಚಿತ್ರದ ಅಂಚಿನ ಮಡಿಕೆಯಿಂದಲೇ ಒಂದೆರಡು ಎಳೆ ತೆಗೆದು ಸೇತುವೆ ಕಟ್ಟಿದೆ.

ಈ ಕೆಲಸ ನಡೆದಷ್ಟು ದಿನ ಕೋಣೆಯಲ್ಲಿ ಡಿಹ್ಯುಮಿಡಿಫೈಯರ್ ಬಂದ್ ಆಗಲಿಲ್ಲ. ಕರೆಂಟ್ ಬಿಲ್ಲಿನ ಬಗ್ಗೆ ಮನೆಯಲ್ಲಿ ಮಾತು ಬಂತು, ಅದು ಬೇರೆ ಕಥೆ.

“ನಾನೇ ಬರೆದು ಬಿಡ್ತೇನೆ”

ಬಣ್ಣ ತುಂಬುವ ಹೊತ್ತಿಗೆ ಮಾಸ್ಟ್ರು ಅಂಗಡಿಗೆ ಬಂದರು. ಕೆನ್ನೆಯನ್ನು ತುಂಬ ಹೊತ್ತು ನೋಡಿದರು.

“ನಿನಗೆ ಎಂತಕ್ಕೆ ಮಾರಾಯ ಇಷ್ಟು ತಲೆಬಿಸಿ? ಕೊಡು, ಕೆನ್ನೆ ನಾನೇ ಇನ್ನೊಮ್ಮೆ ಬರೆದು ಬಿಡ್ತೇನೆ. ಅರ್ಧ ಗಂಟೆಯ ಕೆಲಸ.”

“ಬರೀಬಹುದು ಮಾಸ್ಟ್ರೇ. ನಿಮ್ಮ ಚಿತ್ರ, ನಿಮ್ಮ ಹಕ್ಕು. ಆದರೆ ಕೆನ್ನೆ ಮಾತ್ರ ಬರೆದು ನಿಲ್ಲಿಸ್ತೀರಾ?”

ಅವರು ನಕ್ಕರು. ಅವರಿಗೂ ಗೊತ್ತು. ಕೆನ್ನೆ ಮುಗಿದರೆ ಮೂಗು, ಮೂಗು ಆದ ಮೇಲೆ ಕನ್ನಡಿ, ಕೊನೆಗೆ ಚೌಕಿಯ ದೀಪ. ಅವರ ಈಗಿನ ಕೈ ಬೇರೆ, ಬಣ್ಣದ ಬಗೆಗಿನ ಈಗಿನ ಯೋಚನೆ ಬೇರೆ. ಹಳೆ ಬಣ್ಣದ ಮೇಲೆ ಹೊಸ ಎಣ್ಣೆ ಬಣ್ಣ ಹಾಕಿದರೆ ಈಗ ಸರಿಹೊಂದಿದರೂ ಕೆಲವು ವರ್ಷದಲ್ಲಿ ಅದು ಬೇರೆ ರೀತಿ ಕಪ್ಪಾಗಿ ತೇಪೆ ಎದ್ದು ಕಾಣುತ್ತದೆ.

ಅವರು ಬದುಕಿದ್ದಾರೆ, ಕೇಳಲು ಸಿಗುತ್ತಾರೆ ಅನ್ನುವುದೇ ದೊಡ್ಡ ಅನುಕೂಲ. ಬಾರ್ನೆಟ್ ನ್ಯೂಮನ್ ಎಂಬ ಅಮೆರಿಕದ ಕಲಾವಿದನ ದೊಡ್ಡ ಕೆಂಪು ಚಿತ್ರವೊಂದನ್ನು 1986ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಬ್ಬ ಚಾಕುವಿನಿಂದ ಸೀಳಿದ. ನ್ಯೂಮನ್ ತೀರಿಹೋದದ್ದು 1970ರಲ್ಲೇ. ರಿಪೇರಿಯಾಗಿ ಚಿತ್ರ ವಾಪಸ್ ಬಂದಾಗ ದೊಡ್ಡ ಗಲಾಟೆ. ರಿಪೇರಿ ಮಾಡಿದವರು ಇಡೀ ಕೆಂಪನ್ನು ರೋಲರಿನಿಂದ ಹೊಸದಾಗಿ ಬಳಿದಿದ್ದಾರೆ ಅಂತ ಆರೋಪ, ಕೋರ್ಟು ಕಚೇರಿ ಎಲ್ಲ ಆಯಿತು. ಸೀಳಿದವನು ಹಾಳು ಮಾಡಿದ್ದು ಜಾಸ್ತಿಯೋ, ರಿಪೇರಿಯಲ್ಲಿ ಹೋದದ್ದು ಜಾಸ್ತಿಯೋ ಅಂತ ಜನ ಇವತ್ತಿಗೂ ಜಗಳ ಆಡುತ್ತಾರೆ. ಅದೇ ಮನುಷ್ಯ 1997ರಲ್ಲಿ ಮತ್ತೆ ಚಾಕು ಹಿಡಿದು ಅದೇ ಮ್ಯೂಸಿಯಮ್ಮಿಗೆ ಬಂದ. ಆ ಕೆಂಪು ಚಿತ್ರ ಸಿಗಲಿಲ್ಲ ಅಂತ ನ್ಯೂಮನ್‌ನ ಇನ್ನೊಂದು ಚಿತ್ರ ಸೀಳಿದ.

ಇಲ್ಲಿ ಕಾನೂನಿನ ಮಾತೂ ಒಂದುಂಟು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಚಿತ್ರ ಮಾರಿದ ಮೇಲೂ ಕಲಾವಿದನಿಗೆ ಅದರ ಮೇಲೆ ಒಂದು ಹಕ್ಕು ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ದೊಡ್ಡ ಭಿತ್ತಿಶಿಲ್ಪವನ್ನು 1979ರಲ್ಲಿ ಅವರನ್ನು ಕೇಳದೆ ಕಿತ್ತು ಗೋದಾಮಿಗೆ ಹಾಕಿದ್ದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ತುಂಡುಗಳನ್ನು ಅವರಿಗೆ ವಾಪಸ್ ಕೊಡಿಸಿ, 5 ಲಕ್ಷ ರೂಪಾಯಿ ಪರಿಹಾರಕ್ಕೂ ಆದೇಶ ಮಾಡಿತು. ಹಾಗಾಗಿ ಬದುಕಿರುವ ಕಲಾವಿದರ ಚಿತ್ರ ಬಂದರೆ ಏನೇನು ಮಾಡುತ್ತೇನೆ ಅಂತ ಬರೆದು ಅವರ ಸಹಿ ಹಾಕಿಸಿಕೊಂಡೇ ಕೈ ಹಾಕುವುದು.

ಮಾಸ್ಟ್ರು ಒಪ್ಪಿದರು. ಹರಿದ ಗೆರೆಯ ಮೇಲೆ ಸೀಮೆಸುಣ್ಣದ ಪುಡಿ ಮತ್ತು ಜೆಲಟಿನ್ ಕಲಸಿದ ಪುಟ್ಟಿ ತುಂಬಿ, ಒಣಗುವ ಮೊದಲು ಕ್ಯಾನ್ವಾಸಿನ ನೇಯ್ಗೆಯ ಅಚ್ಚು ಒತ್ತಿದೆ. ಜೆಲಟಿನ್‌ಗೂ ಬೂಷ್ಟು ಬರುತ್ತದೆ. ಆದರೆ ಇದು ಕೂದಲೆಳೆಯಷ್ಟು ಪದರ, ಮೇಲೆ ವಾರ್ನಿಶ್ ಬರುತ್ತದೆ. ಆ ವಾರ್ನಿಶ್ ಪ್ಯಾರಲಾಯ್ಡ್ ಬಿ-72 ಎಂಬ ರಾಳದ್ದು, ತೆಳುವಾಗಿ, ಬಣ್ಣ ತುಂಬಬೇಕಾದ ಜಾಗಗಳಿಗೆ ಮಾತ್ರ. ಅದರ ಮೇಲೆ ನಾನು ತುಂಬುವ ಬಣ್ಣ. ಅದು ಎಣ್ಣೆಯದಲ್ಲ, ಒಣ ಪಿಗ್ಮೆಂಟನ್ನು ಅದೇ ರಾಳದಲ್ಲಿ ಕಲಸಿದ್ದು. ನಾಳೆ ಬೇರೆ ಯಾರಿಗಾದರೂ ನನ್ನ ಕೆಲಸ ಇಷ್ಟವಾಗದಿದ್ದರೆ ಮಾಸ್ಟ್ರ ಬಣ್ಣ ಮುಟ್ಟದೆ ನನ್ನದನ್ನು ಮಾತ್ರ ಒರೆಸಿ ತೆಗೆಯಬಹುದು.

ದವಡೆಯ ನೀಲಿ ನೆರಳಿನ ಮೇಲೆ ಸಣ್ಣ ಸಣ್ಣ ಗೆರೆ ಎಳೆದೆ. ದೂರದಿಂದ ಕಾಣುವುದಿಲ್ಲ, ಒಂದಡಿ ಹತ್ತಿರ ಬಂದರೆ ಗೊತ್ತಾಗುತ್ತದೆ. ಗ್ಯಾಲರಿಯವರಿಗೆ ಇದು ಸಮಾಧಾನವಾಗಲಿಲ್ಲ, ಗೊತ್ತೇ ಆಗದ ಹಾಗೆ ಮಾಡಿ ಅಂದರು. ಮಾಸ್ಟ್ರು ಹೇಳಿದರು: “ಇರಲಿ. ಹತ್ತಿರ ಬಂದು ನೋಡುವವರಿಗೆ ಗೊತ್ತಾಗಲಿ.” ಅಲ್ಲಿಗೆ ಮಾತು ಮುಗಿಯಿತು.

ಕೇಸು, ಬಿಲ್ಲು, ಗಾಜು

ದೂರು ಕೊಡಬೇಕಾ ಬೇಡವಾ ಅಂತ ಗ್ಯಾಲರಿಯಲ್ಲಿ ದೊಡ್ಡ ಚರ್ಚೆ ಆಯಿತು. ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್ ಇಂಥದ್ದಕ್ಕೆ. 20 ಸಾವಿರದಿಂದ ಒಂದು ಲಕ್ಷದೊಳಗಿನ ನಷ್ಟವಾದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ದಾಟಿದರೆ ಐದು ವರ್ಷದವರೆಗೆ. ಚಿತ್ರದ ಪಕ್ಕದ ಚೀಟಿಯಲ್ಲಿ ಬೆಲೆ 90 ಸಾವಿರ ಇತ್ತು. “ಒಂದೂಕಾಲು ಅಂತ ಬರೆದರೆ ಹೇಗೆ?” ಅಂತ ಒಬ್ಬರು ಕೇಳಿದರು. ಚೀಟಿಯ ಬೆಲೆ ಒಂದು, ಆದ ನಷ್ಟ ಇನ್ನೊಂದು ಅಂತ ನಾನು ಹೇಳಬೇಕಾಯಿತು. ನಷ್ಟ ಅಂದರೆ ಯಾವುದು? ರಿಪೇರಿಯ ಖರ್ಚಾ? ರಿಪೇರಿಯಾದ ಚಿತ್ರಕ್ಕೆ ಇಳಿದ ಬೆಲೆಯಾ? ಅದರಲ್ಲಿ ಪೆನ್ನಿನ ಪಾಲೆಷ್ಟು, ಸ್ಯಾನಿಟೈಸರ್‌ನ ಪಾಲೆಷ್ಟು? ಈ ಕೊನೆಯ ಪ್ರಶ್ನೆಗೆ ಯಾರೂ ಬಾಯಿ ಬಿಡಲಿಲ್ಲ. ಹುಡುಗನ ಕಡೆಯ ವಕೀಲರಿದ್ದರೆ ಮೊದಲು ಕೇಳುವುದೇ ಅದನ್ನು.

ಹೊರಗಡೆ ಶಿಕ್ಷೆಗಳು ಒಂದೊಂದು ಒಂದೊಂದು ಥರ. 1972ರಲ್ಲಿ ವ್ಯಾಟಿಕನ್‌ನಲ್ಲಿ ಮೈಕೆಲಾಂಜೆಲೊನ ‘ಪಿಯೆತಾ’ಕ್ಕೆ ಸುತ್ತಿಗೆಯಿಂದ ಬಡಿದವನನ್ನು ಜೈಲಿಗಲ್ಲ, ಮಾನಸಿಕ ಆಸ್ಪತ್ರೆಗೆ ಕಳಿಸಿದರು. 2022ರಲ್ಲಿ ವ್ಯಾನ್ ಗೋನ ಸೂರ್ಯಕಾಂತಿ ಚಿತ್ರಕ್ಕೆ ಟೊಮೆಟೊ ಸೂಪ್ ಎರಚಿದ ಇಬ್ಬರಲ್ಲಿ 2024ರಲ್ಲಿ ಒಬ್ಬರಿಗೆ ಎರಡು ವರ್ಷ, ಇನ್ನೊಬ್ಬರಿಗೆ 20 ತಿಂಗಳು ಜೈಲಾಯಿತು. ಚಿತ್ರಕ್ಕೆ ಗಾಜು ಇತ್ತು, ಬಣ್ಣಕ್ಕೆ ಏನೂ ಆಗಲಿಲ್ಲ, ಹಳೆ ಫ್ರೇಮ್ ಹಾಳಾಯಿತು. ಫ್ರೇಮ್ ಮಾಡುವವನಾಗಿ ಹೇಳುತ್ತೇನೆ, ಫ್ರೇಮಿಗೂ ಬೆಲೆ ಉಂಟು ಅಂತ ಕೋರ್ಟು ಒಪ್ಪಿದ್ದು ನನಗೆ ಖುಷಿಯೇ. ಇನ್ನು ನಮ್ಮಲ್ಲಿ 1996ರಲ್ಲಿ ಅಹಮದಾಬಾದಿನ ಹುಸೇನ್-ದೋಶಿ ಗುಫಾ ಎಂಬ ಗ್ಯಾಲರಿಗೆ ಗುಂಪು ನುಗ್ಗಿ ಚಿತ್ರಕಾರ ಎಂ.ಎಫ್. ಹುಸೇನರ ಕೃತಿಗಳನ್ನು ಹಾಳುಗೆಡವಿದಂಥ ಪ್ರಕರಣಗಳು ಬೇರೆಯೇ ಬಗೆಯವು. ಅದಕ್ಕೆ ನನ್ನ ಜೆಲ್ ಸಾಲುವುದಿಲ್ಲ.

ಮಾಸ್ಟ್ರಿಗೆ ಕೇಸು ಬೇಡವಾಗಿತ್ತು. ಹುಡುಗನ ತಂದೆ ಬಂದು ರಿಪೇರಿಯ ಬಿಲ್ಲನ್ನು ಎರಡು ಕಂತಿನಲ್ಲಿ ಕೊಟ್ಟರು. ಪ್ರದರ್ಶನಕ್ಕೆ ವಿಮೆ ಇರಲಿಲ್ಲ. ಕೇಸು ಬೇಡ ಅನ್ನುವುದು ಸರಿ, ಆದರೆ ಏನಾಯಿತು ಅಂತ ಎರಡೂ ಕಡೆಯವರು ಬರೆದು ಸಹಿ ಹಾಕಿ ಇಟ್ಟುಕೊಳ್ಳಿ ಅಂತ ನಾನು ಒತ್ತಾಯ ಮಾಡಿದೆ. ಚಿತ್ರ ಮುಂದೆ ಮಾರಾಟವಾಗುವಾಗ ಕೊಳ್ಳುವವರಿಗೆ ಇದು ಗೊತ್ತಿರಬೇಕು. ಯುವಿ ಟಾರ್ಚ್ ಹಾಕಿದರೆ ನನ್ನ ಬಣ್ಣದ ಗುರುತು ಹೇಗೂ ಕಾಣುತ್ತದೆ. ಮುಚ್ಚಿಟ್ಟು ಸಿಕ್ಕಿಬೀಳುವುದಕ್ಕಿಂತ ಫೋಟೋ ಸಮೇತ ಕಾಗದ ಕೊಡುವುದು ಮೇಲು.

ಗ್ಯಾಲರಿಯವರು ಈಗ ಎಲ್ಲ ಚಿತ್ರಕ್ಕೂ ಗಾಜು ಹಾಕಿಸುವ ಅಂತ ಹೊರಟಿದ್ದಾರೆ. ನನಗೆ ವ್ಯಾಪಾರ, ಆದರೂ ಬೇಡ ಅಂದೆ. ಸರಿಯಾದ ಸಂದು ಬಿಡದೆ ಎಣ್ಣೆ ಚಿತ್ರಕ್ಕೆ ಗಾಜು ಬಿಗಿದರೆ ಮಳೆಗಾಲದಲ್ಲಿ ಒಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ. ನೋಡುವವನ ಮುಖವೇ ಗಾಜಿನಲ್ಲಿ ಕಾಣುವುದು ಬೇರೆ. ಬದಲಿಗೆ ಹೇಳಿದ್ದು: ಕೊಡೆ, ಬ್ಯಾಗ್ ಬಾಗಿಲಲ್ಲೇ ಇಡಿಸಿ. ಚಿತ್ರಗಳ ಹಿಂಬದಿಗೆ ಹಲಗೆ ಹಾಕಿ. ಚುನಾವಣೆ ಬೋರ್ಡಿಗೆ ಬಳಸುವ ಸನ್‌ಪ್ಯಾಕ್ ಶೀಟೇ ಸಾಕು, ಮೂಲೆಗಳಲ್ಲಿ ಗಾಳಿಯಾಡಲು ತೂತು ಬಿಟ್ಟರೆ ಆಯಿತು. ಹಿಂಬದಿ ಹಲಗೆ ಇದ್ದರೆ ಎದುರಿನ ಏಟೂ ಸ್ವಲ್ಪ ತಡೆಯುತ್ತದೆ. ಮತ್ತೆ ಕೌಂಟರಿನ ಮೇಲೆ ಒಂದು ಕಾಗದ ಅಂಟಿಸಿ: ಏನಾದರೂ ಆದರೆ ಒರೆಸಬೇಡಿ, ಅಂಟಿಸಬೇಡಿ, ಮಗುಚಬೇಡಿ, ಫೋಟೋ ತೆಗೆಯಿರಿ, ಫೋನ್ ಮಾಡಿ. ಆಸಿಡ್ ಆದರೆ ಮಾತ್ರ ಜನರನ್ನು ದೂರ ಸರಿಸಿ ತಕ್ಷಣ ನೀರು.

ಕಾಗದ ಅಂಟಿಸಿದ್ದಾರೆ. ಸ್ಯಾನಿಟೈಸರ್ ಬಾಟಲಿ ಇನ್ನೂ ಅಲ್ಲೇ ಉಂಟು.

ಚಿತ್ರ ಈಗ ಮಾಸ್ಟ್ರ ಮನೆಯಲ್ಲಿದೆ. ಮಳೆ ಬಿಟ್ಟ ಮೇಲೆ ಹೋಗಿ ನೋಡಿದೆ. ಕ್ಯಾನ್ವಾಸ್ ಸ್ವಲ್ಪ ಸಡಿಲಾಗಿತ್ತು, ಫ್ರೇಮಿನ ಮೂಲೆಯ ಬೆಣೆಗಳನ್ನು ಮೆತ್ತಗೆ ತಟ್ಟಿ ಬಿಗಿ ಮಾಡಿದೆ. ಹರಿದ ಗೆರೆ ಎದ್ದಿಲ್ಲ. ಪುಟ್ಟಿಯ ಜಾಗದಲ್ಲಿ ಹೊಳಪು ಸುತ್ತಲಿಗಿಂತ ಒಂಚೂರು ಜಾಸ್ತಿ ಉಂಟು. ಡಿಸೆಂಬರಿನಲ್ಲಿ ಗಾಳಿ ಒಣಗಿದ ಮೇಲೆ ಅದನ್ನು ಸರಿ ಮಾಡಿ, ಇಡೀ ಚಿತ್ರಕ್ಕೆ ವಾರ್ನಿಶ್ ಹಾಕುವುದು ಬಾಕಿ.